ಮಸಿ ಒಪ್ಪಿದ ಮನುಷ್ಯ

"ಇನ್ನೊಂದು ಹೆಜ್ಜೆ ಮುಂದೆ ಇಟ್ರೆ ನೋಡು, ಸುಮ್ನೆ ಬಿಡಲ್ಲ ನಾನು."

ಹೀಗೆ ಹೇಳಿದ್ದು ಒಬ್ಬ ಹೆಂಗಸು. ಎತ್ತಿದ ಕಾಲು ಎತ್ತಿದ ಹಾಗೇ ನಿಂತುಬಿಟ್ಟವನು ನಮ್ಮ ಕನ್ನಡಕದ ಅಂಗಡಿಯವನು. ಮೈದಾನದ ಗೇಟು ದಾಟಿ ಒಳಗೆ ಬಂದು ಇನ್ನೂ ಒಂದು ನಿಮಿಷ ಆಗಿರಲಿಲ್ಲ. ತಾನು ಯಾರ ಜಾಗದಲ್ಲಿ ಕಾಲಿಟ್ಟೆನೋ ಎಂದು ಅವನು ಮುಖ ಸಣ್ಣದು ಮಾಡಿಕೊಂಡ.

"ಅಯ್ಯೋ, ನಿಮಗಲ್ಲ," ಎಂದಳು ಅವಳು. "ಇವನಿಗೆ."

ಅವಳ ಕಾಲಿನ ಹಿಂದೆ ಒಂದು ಕರಿ ನಾಯಿ ಹಲ್ಲು ಕಿರಿದುಕೊಂಡು ನಿಂತಿತ್ತು. ಅದರ ಎಡಗಿವಿಯ ತುದಿ ಹರಿದಿತ್ತು. ಅವಳು ಎರಡೂ ಕೈಯಲ್ಲಿ ಹಗ್ಗ ಹಿಡಿದಿದ್ದಳು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

"ನಂಗೇ ಹೇಳಿದ್ರೂ ತಪ್ಪೇನಿಲ್ಲ. ನಮ್ಮನೇಲಿ ದಿನಾ ಕೇಳೋ ಮಾತೇ," ಎಂದ ಅವನು. ಅವಳಿಗೆ ನಗು ಬಂತು. ಬಂದದ್ದನ್ನು ಅರ್ಧಕ್ಕೇ ತಡೆದು, ಮುಖ ತಿರುಗಿಸಿ, ಓರೆಗಣ್ಣಲ್ಲಿ ಇನ್ನೊಮ್ಮೆ ಅವನನ್ನು ನೋಡಿದಳು. ಅಷ್ಟೇ ಆದದ್ದು. ನಲವತ್ತಮೂರು ವರ್ಷ ಯಾರ ಕಣ್ಣಿಗೂ ಬೀಳದೆ ಬದುಕಿದವನಿಗೆ ಅಷ್ಟೇ ಸಾಕಾಯಿತು.

ಮುಂದೆ ಆದದ್ದನ್ನೆಲ್ಲ ನೆನೆದರೆ, ಆ ಮಾತನ್ನು ಅವಳು ಅವನಿಗೇ ಹೇಳಿದ್ದರೆ, ಅವನು ಅದನ್ನು ಕೇಳಿಸಿಕೊಂಡು ಬಂದ ದಾರಿ ಹಿಡಿದು ಮನೆಗೆ ಹೋಗಿದ್ದರೆ ಎಷ್ಟೋ ವಾಸಿಯಿತ್ತು. ಆದರೆ ಹೋಗಲಿಲ್ಲ. ಹೋಗಬೇಕಾದ ಹೊತ್ತಿಗೆ ಹೋಗುವ ಬುದ್ಧಿ ಯಾರಿಗೆ ತಾನೇ ಇರುತ್ತದೆ.

ಅದು ಮುಚ್ಚಿಹೋದ ಒಂದು ಶಾಲೆಯ ಆಟದ ಮೈದಾನ. ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿ ನಾಯಿಗಳ ಕ್ಲಾಸು ನಡೆಯುತ್ತಿತ್ತು. ಎಂಟು ವಾರ, ಆರು ನಾಯಿ, ಆರು ಜನ, ಕೊನೆಗೊಂದು ಪರೀಕ್ಷೆ. ಕಲಿಸುವ ಮೇಷ್ಟ್ರು ಪೊಲೀಸ್ ಶ್ವಾನದಳದಿಂದ ನಿವೃತ್ತರಾದವರು. ಅವರಿಗೆ ಮನುಷ್ಯರ ಹೆಸರು ಬೇಕಿರಲಿಲ್ಲ. ನಾಯಿಯ ಹೆಸರು ಕೇಳಿ ಬರೆದುಕೊಂಡು, ತಂದವರನ್ನು ಅದರ ಅಮ್ಮ, ಅದರ ಅಪ್ಪ ಎಂದು ಕರೆದುಬಿಡುತ್ತಿದ್ದರು.

"ಮಸಿ ಅಮ್ಮ, ಹಗ್ಗ ಸಡಿಲ ಬಿಡಿ. ದೊರೆ ಅಪ್ಪ, ಬೆನ್ನು ನೆಟ್ಟಗೆ."

"ಸರ್, ನಾನು ಅಪ್ಪ ಅಲ್ಲ," ಎಂದ ಕನ್ನಡಕದವನು. "ಇದು ನಮ್ಮಕ್ಕನ ನಾಯಿ. ಅವಳಿಗೆ ಮಂಡಿ ನೋವು, ಅದಕ್ಕೆ ನನ್ನ ಕಳಿಸಿದ್ದಾಳೆ."

"ಅಕ್ಕನ ನಾಯಿ ಅಂದ್ರೆ ನೀವು ಸೋದರಮಾವ ಆದ್ರಿ. ದೊರೆ ಮಾವ, ಬೆನ್ನು ನೆಟ್ಟಗೆ."

ಅಲ್ಲಿಂದ ಇಡೀ ಕ್ಲಾಸಿಗೆ ಅವನು ಮಾವ. ಗಿಡ್ಡ ಕಾಲಿನ, ಡೊಳ್ಳು ಹೊಟ್ಟೆಯ ದೊರೆಗೆ ತನ್ನ ಮಾವನ ಮೇಲೆ ಎಳ್ಳಷ್ಟೂ ಗೌರವವಿರಲಿಲ್ಲ. ಕೂರು ಎಂದರೆ ಮಲಗುತ್ತಿತ್ತು, ಮಲಗು ಎಂದರೆ ಮನೆ ಕಡೆ ನಡೆಯುತ್ತಿತ್ತು.

ಮೇಷ್ಟ್ರ ಮೊದಲ ಪಾಠ ಇದು: "ನಿಮ್ಮ ನಾಯಿ ನಿಮ್ಮ ಕೈಯಿಂದ ಮಾತ್ರ ತಿನ್ನಬೇಕು. ಪಕ್ಕದವರ ನಾಯಿಗೆ ಒಂದು ಚೂರೂ ಕೊಡಬಾರದು. ಮುದ್ದು ಬಂದ್ರೆ ಕೈ ಕಟ್ಕೊಂಡು ನಿಂತ್ಕೊಳ್ಳಿ. ಇದು ತಮಾಷೆ ಮಾತಲ್ಲ."

ಎಲ್ಲರೂ ತಲೆಯಾಡಿಸಿದರು. ಅವನೂ ಆಡಿಸಿದ.

ಉಳಿದವರಿಗೆ ಆ ಕ್ಲಾಸು ಭಾನುವಾರದ ಕಾಲಕ್ಷೇಪ. ಮಸಿ ಅಮ್ಮನಿಗೆ ಹಾಗಲ್ಲ. ಅವಳು ಗಂಡನನ್ನು ಬಿಟ್ಟುಬಂದು ಅಣ್ಣನ ಫ್ಲ್ಯಾಟಿನ ಚಿಕ್ಕ ಕೋಣೆಯಲ್ಲಿದ್ದಳು. ಆ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿಗೆ ಅಣ್ಣನೇ ಸೆಕ್ರೆಟರಿ. ಬಾಗಿಲು ತಟ್ಟಲು ಬಂದ ನೆರೆಯವನೊಬ್ಬನ ಮೀನಖಂಡಕ್ಕೆ ಮಸಿ ಬಾಯಿ ಹಾಕಿತ್ತು. ಎರಡು ತಿಂಗಳಲ್ಲಿ ಈ ಕ್ಲಾಸಿನ ಸರ್ಟಿಫಿಕೇಟ್ ತಂದರೆ ನಾಯಿ ಇರಬಹುದು, ಇಲ್ಲದಿದ್ದರೆ ಆಚೆ ಹೋಗಬೇಕು ಎಂದು ನೋಟಿಸು ಬಂತು. ಕೆಳಗೆ ಸಹಿ ಅಣ್ಣನದೇ.

"ಊಟಕ್ಕೆ ಕೂತಾಗ ತಟ್ಟೆ ಪಕ್ಕ ಇಟ್ಟ ನೋಟಿಸ್ನ. ಕೊರಿಯರ್ ಖರ್ಚು ಉಳೀತು ಅಂದೆ," ಎಂದು ಅವಳು ನಗುತ್ತ ಹೇಳಿದಳು. ಕಣ್ಣು ಮಾತ್ರ ನಗುತ್ತಿರಲಿಲ್ಲ.

ಎರಡನೆಯ ಭಾನುವಾರ ಮಸಿ ಕಂಡಕಂಡವರ ಮೇಲೆಲ್ಲ ಬೊಗಳಿತು. ಅವಳು ಸಾಲು ಬಿಟ್ಟು ದೂರದ ಮೂಲೆಯಲ್ಲಿ, ಮುರಿದ ಗೋಲ್‌ಪೋಸ್ಟಿನ ಪಕ್ಕ ಒಬ್ಬಳೇ ನಿಂತಳು. ಮುಖ ಕೆಂಪಾಗಿತ್ತು. ದೊರೆ ತನ್ನ ಪಾಡಿಗೆ ಮಾವನನ್ನು ಆ ಮೂಲೆಗೇ ಎಳೆದುಕೊಂಡು ಹೋಯಿತು. ಹಗ್ಗ ಬಿಡಿಸಿಕೊಳ್ಳುವ ಗಡಿಬಿಡಿಯಲ್ಲಿ ಅವನ ಜೇಬಿನಿಂದ ಬೇಯಿಸಿದ ಕೋಳಿಯ ಒಂದು ಚೂರು ಜಾರಿ ಕೆಳಗೆ ಬಿತ್ತು. ಬಿದ್ದ ಕ್ಷಣವೇ ಮಸಿ ಅದನ್ನು ನುಂಗಿ, ಅವನ ಮುಖ ನೋಡಿ, ಬಾಲ ಆಡಿಸಿತು.

ಅವಳು ಕೋಳಿ ನೋಡಲಿಲ್ಲ. ಬಾಲ ನೋಡಿದಳು.

"ಇಲ್ಲಿ ನೋಡಿ, ಬಾಲ ಆಡಿಸ್ತಿದ್ದಾನೆ," ಎಂದಳು, ಕಳೆದುಹೋದ ಸಾಮಾನು ಸಿಕ್ಕವಳ ಹಾಗೆ. "ಯಾರಿಗೂ ಆಡಿಸಲ್ಲ ಇವನು. ನಮ್ಮಣ್ಣಂಗೂ ಆಡಿಸಲ್ಲ."

ಜೇಬಿಂದ ಕೋಳಿ ಬಿತ್ತು ಎಂದು ಹೇಳಲು ಎಷ್ಟು ಹೊತ್ತು ಬೇಕು? ಮೂರು ಮಾತು. ಆದರೆ ಅವಳ ಮುಖ ಅರಳಿಬಿಟ್ಟಿತ್ತು. ಅದನ್ನು ಬಾಡಿಸಲು ಅವನಿಗೆ ಮನಸ್ಸು ಬರಲಿಲ್ಲ. "ನಾಯಿಗಳಿಗೆ ನಾನು ಅಂದ್ರೆ ಸ್ವಲ್ಪ ಇಷ್ಟ," ಎಂದ.

ದೊರೆ ಅಲ್ಲೇ ಅವನ ಬೂಟಿನ ಮೇಲೆ ಕಾಲೆತ್ತಿತು.

ಮೂರನೆಯ ವಾರದಿಂದ ಅವನು ಎರಡು ಪೊಟ್ಟಣ ತರತೊಡಗಿದ. ಎಡಜೇಬಿನದು ದೊರೆಗೆ, ಬಲಜೇಬಿನದು ಮಸಿಗೆ. ಮೇಷ್ಟ್ರು ಅತ್ತ ತಿರುಗಿದಾಗ ಒಂದು ಚೂರು, ಅವಳು ಕೂದಲು ಸರಿಮಾಡಿಕೊಳ್ಳುವಾಗ ಒಂದು ಚೂರು. ಸಣ್ಣ ಮಸೂರಗಳನ್ನು ಚೌಕಟ್ಟಿಗೆ ಕೂರಿಸುವ ಬೆರಳು ಅವನವು, ಯಾರಿಗೂ ಕಾಣಲಿಲ್ಲ. ಮಸಿ ಅವನ ಪಕ್ಕ ನಿಂತರೆ ಬೊಗಳುತ್ತಿರಲಿಲ್ಲ. ಅದು ಬೊಗಳಬಾರದು ಅಂತ ಅವಳು ಪ್ರತಿ ವಾರ ಅವನ ಪಕ್ಕವೇ ನಿಲ್ಲತೊಡಗಿದಳು. ಅವನಿಗೆ ಬೇಕಿದ್ದುದೂ ಅದೇ.

ಅವಳಿಗೆ ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಕಲೆ ತೆಗೆಯುವ ಕೆಲಸ. ಅವನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, "ಇದು ಟೀ, ಇವತ್ತು ಬೆಳಿಗ್ಗೇದು. ಇದು ಶಾಯಿ, ಹೋದ ವರ್ಷದ್ದು, ಹೋಗಲ್ಲ. ನಿಮ್ಮನ್ನ ಯಾರೂ ನೋಡ್ಕೊಳ್ಳಲ್ವಾ?" ಎಂದಳು.

"ನೀವು ನೋಡ್ತಿದೀರಲ್ಲ ಈಗ."

"ನಾನು ಕಲೆ ನೋಡಿದ್ದು."

"ಅಷ್ಟು ಹತ್ರದಿಂದ ನೋಡ್ಬೇಕಾ? ನಿಮಗೆ ದೂರದ್ದು ಕಾಣಲ್ಲ ಅನ್ಸುತ್ತೆ. ಕಣ್ಣು ಕಿರಿದು ಮಾಡ್ತೀರಿ."

ಅವಳು ಕಣ್ಣು ಇನ್ನಷ್ಟು ಕಿರಿದು ಮಾಡಿ, ಅವನ ಗಲ್ಲದಿಂದ ಹಣೆಯವರೆಗೆ ನಿಧಾನವಾಗಿ ನೋಡಿದಳು. "ಕಾಣೋದಕ್ಕೇ ತಾನೇ ಹತ್ರ ಬಂದು ನಿಂತಿರೋದು," ಎಂದು ಹೇಳಿ ತಟ್ಟನೆ ಮಸಿಯ ಕಡೆ ಬಗ್ಗಿದಳು. ಅವಳ ಕಿವಿಯ ಅಂಚು ಕೆಂಪಾದದ್ದು ಅವನಿಗೆ ಕಂಡಿತು. ಅವತ್ತು ಇಡೀ ದಿನ ಅವನು ಅಂಗಡಿಯಲ್ಲಿ ಎಡಗಣ್ಣಿನ ಮಸೂರ ಬಲಕ್ಕೂ ಬಲದ್ದು ಎಡಕ್ಕೂ ಹಾಕುತ್ತ ಕೂತಿದ್ದ.

ಆರನೆಯ ಭಾನುವಾರ ಕ್ಲಾಸು ಮುಗಿದ ಮೇಲೆ ಇಬ್ಬರೂ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದರು. ಮಸಿ ತಲೆಯನ್ನು ಅವನ ಮೊಣಕಾಲ ಮೇಲೆ ಇಟ್ಟು ಕಣ್ಣು ಮುಚ್ಚಿತ್ತು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು.

"ನನ್ನ ಗಂಡನ್ನ ನೋಡಿ ಎಲ್ಲರೂ ಮೆಚ್ಚಿದ್ರು. ನಾನೂ ಮೆಚ್ಚಿದೆ," ಎಂದಳು. "ಇವನು ಆಗ ಮರಿ. ಅವರು ಒಳಗೆ ಬಂದ್ರೆ ಸಾಕು, ಮಂಚದಡಿ ಸೇರ್ಕೊಳ್ತಿದ್ದ. ಪುಕ್ಕಲು ನಾಯಿ ಅಂತ ನಾನೇ ನಗ್ತಿದ್ದೆ. ಅವರು ಮೊದಲನೇ ಸಲ ನನ್ನ ಮೇಲೆ ಕೈ ಎತ್ತಿದಾಗ ನಾನೂ ಅದೇ ಮಂಚದ ಹಿಂದೆ ಕೂತಿದ್ದೆ, ಇವನ ಜೊತೆ. ಅವತ್ತೇ ಗೊತ್ತಾಯ್ತು. ಮನುಷ್ಯರನ್ನ ಅಳೆಯೋದು ನಂಗೆ ಬರಲ್ಲ. ಇವನಿಗೆ ಬರುತ್ತೆ."

ಅವನು ಮಸಿಯ ನೆತ್ತಿ ಸವರಿದ.

"ಇವನು ನಿಮ್ಮನ್ನ ಒಪ್ಪಿದ್ದಾನೆ. ನಾನು ಸುಮ್ಸುಮ್ನೆ ಯಾರ ಪಕ್ಕನೂ ಹೀಗೆ ಕೂರಲ್ಲ. ತಿಳೀತಾ ಮಾವ?"

ಅವಳು ಮಾವ ಎಂದದ್ದು ಅದೇ ಮೊದಲು. ಬೇರೆ ಯಾವ ದಿನವಾದರೂ ಅವನು ಆ ಒಂದು ಮಾತನ್ನು ಎದೆಗೆ ಅಪ್ಪಿಕೊಂಡು ಮನೆಗೆ ಹೋಗುತ್ತಿದ್ದ. ಈಗ ಬಲಜೇಬಿನ ಪೊಟ್ಟಣ ತೊಡೆಗೆ ಒತ್ತುತ್ತಿತ್ತು. ಅವಳು ತನ್ನ ಬದುಕಿನಲ್ಲಿ ನಂಬಿದ್ದ ಒಂದೇ ಒಂದು ಸಾಕ್ಷಿಗೆ ಅವನು ನಾಲ್ಕು ವಾರದಿಂದ ಲಂಚ ಕೊಡುತ್ತ ಬಂದಿದ್ದ. ಹೇಳಿಬಿಡಬೇಕು ಅನಿಸಿತು. ಬಾಯಿ ತೆರೆದ. ಅವಳು ತಲೆ ಓರೆ ಮಾಡಿ, ಏನು ಎನ್ನುವ ಹಾಗೆ ಹುಬ್ಬು ಏರಿಸಿ ನೋಡಿದಳು. ಅವನು ಬಾಯಿ ಮುಚ್ಚಿಕೊಂಡ. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡ.

ಏಳನೆಯ ವಾರ ಅವನು ಬಲಜೇಬಿಗೆ ಏನೂ ಹಾಕದೆ ಬಂದ. ಇನ್ನು ಕೊಡುವುದಿಲ್ಲ, ಕೊಡದೆಯೂ ಮಸಿ ಒಪ್ಪಿದರೆ ಹಳೆಯದನ್ನು ಹೇಳುವ ಅಗತ್ಯವೇ ಬರುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಮಸಿ ಅವನ ಜೇಬಿಗೆ ಮೂತಿ ಒತ್ತಿ ಒತ್ತಿ ಕುಂಯ್‌ಗುಟ್ಟಿತು. "ಎಷ್ಟು ಪ್ರೀತಿ ನೋಡಿ ಇವನಿಗೆ," ಎನ್ನುತ್ತ ಅವಳು ಅವನ ಕೈಬೆರಳನ್ನು ಒಮ್ಮೆ ಹಿಡಿದು ಬಿಟ್ಟಳು. ಅವನು ಎಡಜೇಬಿನ ದೊರೆಯ ಪಾಲಿನಿಂದಲೇ ಒಂದು ಚೂರು ತೆಗೆದು ಮಸಿಯ ಬಾಯಿಗೆ ತುರುಕಿದ.

ಎಂಟನೆಯ ವಾರ ಪರೀಕ್ಷೆ. ಹೊರಗಿನಿಂದ ಒಬ್ಬ ಹೆಂಗಸು ಕಾಗದದ ಪ್ಯಾಡು ಹಿಡಿದು ಬಂದಿದ್ದರು. ಯಾರ ಹತ್ತಿರವೂ ತಿನಿಸು ಇರಕೂಡದು ಎಂದು ಎಲ್ಲರ ಜೇಬು ಖಾಲಿ ಮಾಡಿಸಿದರು. ಸಡಿಲ ಹಗ್ಗದಲ್ಲಿ ನಡೆಯುವುದು, ಅಪರಿಚಿತರು ತಲೆ ಮುಟ್ಟಿದರೆ ಸುಮ್ಮನಿರುವುದು, ಬಾಗಿಲಲ್ಲಿ ಕಾಯುವುದು, ಮಸಿ ಎಲ್ಲದರಲ್ಲೂ ಪಾಸಾಯಿತು. ಅವಳು ತುಟಿ ಕಚ್ಚಿಕೊಂಡು ಒಂದೊಂದನ್ನೇ ಬೆರಳಲ್ಲಿ ಎಣಿಸುತ್ತಿದ್ದಳು. ಒಂದೇ ಒಂದು ಉಳಿದಿತ್ತು.

ಆರು ನಾಯಿಗಳನ್ನು ಹಗ್ಗವಿಲ್ಲದೆ ಸಾಲಾಗಿ ಕೂರಿಸಿ, ಆರು ಜನ ಇಪ್ಪತ್ತು ಹೆಜ್ಜೆ ದೂರ ಹೋಗಿ ನಿಲ್ಲಬೇಕು. ಒಬ್ಬೊಬ್ಬರಾಗಿ ಕರೆಯಬೇಕು. ಕರೆದವರ ನಾಯಿ ಮಾತ್ರ ಏಳಬೇಕು, ಉಳಿದವು ಅಲುಗಬಾರದು. ಮೂರನೆಯವನು ಕನ್ನಡಕದವನು.

"ದೊರೆ, ಬಾ," ಎಂದ. ಎನ್ನುವಾಗ ಅವನ ಬಲಗೈ ತನಗೆ ತಾನೇ ಜೇಬಿಗೆ ಹೋಯಿತು. ಖಾಲಿ ಜೇಬು. ಐದು ವಾರದ ಅಭ್ಯಾಸ ಅದು. ಕೈಗೆ ಪರೀಕ್ಷೆ ಗೊತ್ತೇ? ಅಭ್ಯಾಸ ಮಾತ್ರ ಗೊತ್ತು.

ಮಸಿ ಎದ್ದಿತು. ಬಾಣ ಬಿಟ್ಟ ಹಾಗೆ ಅವನತ್ತ ಓಡಿತು. "ಮಸಿ, ಕೂರು," ಎಂದು ಅವಳು ಕೂಗಿದ್ದು ಅದಕ್ಕೆ ಕೇಳಲೇ ಇಲ್ಲ. ದೊರೆಯೂ ಅವತ್ತೊಂದು ದಿನ ಕರೆದ ಕೂಡಲೇ ಬಂದಿತ್ತು, ಬಡ್ಡಿಮಗಂದು. ಎರಡೂ ಒಂದೇ ಹೊತ್ತಿಗೆ ಜೇಬಿಗೆ ಮೂತಿ ಹಾಕಿದವು. ಮಸಿ ಗುರ್ರೆಂದಿತು, ತಿರುಗಿ ದೊರೆಯ ಕಿವಿ ಕಚ್ಚಿತು. ಎಳೆದು ಬಿಡಿಸುವಷ್ಟರಲ್ಲಿ ಅವನ ಪ್ಯಾಂಟಿನ ಮೇಲೆ ನಾಲ್ಕು ಹನಿ ರಕ್ತ ಬಿದ್ದಿತ್ತು.

ಪ್ಯಾಡು ಹಿಡಿದ ಹೆಂಗಸು ಏನೋ ಬರೆದರು. "ಪರೀಕ್ಷೆಯಲ್ಲಿ ಕಚ್ಚಿದ ನಾಯಿಗೆ ಒಂದು ವರ್ಷ ಮರುಪರೀಕ್ಷೆ ಇಲ್ಲ. ದಯವಿಟ್ಟು ಕ್ಷಮಿಸಿ," ಎಂದರು. ಕೆಟ್ಟ ಹೆಂಗಸೇನಲ್ಲ, ನಿಯಮ ಹೇಳಿದರು.

ಅವಳು ಮೈದಾನದ ನಡುವೆ ಕೂತುಬಿಟ್ಟಳು. ಮಸಿಯ ಕತ್ತು ತಬ್ಬಿಕೊಂಡಿದ್ದಳು. ಅಳಲಿಲ್ಲ. ಅವನು ಹತ್ತಿರ ಹೋದಾಗ ತಲೆ ಎತ್ತಿ, "ದೊರೆಗೆ ಜೋರು ಏಟಾಯ್ತಾ?" ಎಂದು ಕೇಳಿದಳು.

"ಇಲ್ಲ. ತರಚಿದೆ ಅಷ್ಟೇ."

"ತಪ್ಪು ನಂದೇ. ನಾನು ಸರಿಯಾಗಿ ಕಲಿಸಲಿಲ್ಲ. ನಿಮ್ಮ ಮೇಲಿನ ಪ್ರೀತಿಗೆ ಓಡಿದ ಪಾಪ, ಅವನನ್ನ ಹೇಗೆ ಬೈಲಿ?" ಅವಳ ದನಿ ಅಲ್ಲಿ ಒಡೆಯಿತು. "ಇನ್ನು ಹತ್ತು ದಿನ ಇದಾನೆ ನನ್ನ ಹತ್ರ. ಆಮೇಲೆ ಆ ಕೋಣೆಗೆ ನಾನು ಯಾಕೆ ಹೋಗ್ಬೇಕೋ ಗೊತ್ತಿಲ್ಲ. ನೀವಾದ್ರೂ ಇರ್ತೀರಲ್ಲ?"

ಇರ್ತೀನಿ ಎಂದ. ಅಷ್ಟು ದಿನ ಕನಸಲ್ಲೂ ಕೇಳಬಯಸಿದ ಮಾತು ಅದು. ಕೇಳಿದಾಗ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು.

ಮನೆಗೆ ಬಂದು ದೊರೆಯ ಕಿವಿಗೆ ಔಷಧಿ ಹಚ್ಚುತ್ತ ಅಕ್ಕನಿಗೆ ಎಲ್ಲ ಹೇಳಿದ. ಅಕ್ಕ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಳು. ಅವಳ ಬಾಯಿ ಊರಿಗೇ ಗೊತ್ತು, ಆದರೆ ಈ ಸಲ ಪೂರ್ತಿ ಕೇಳಿಸಿಕೊಂಡಳು.

"ತಾನೂ ಕೆಟ್ಟು ವನಾನೂ ಕೆಡಿಸಿದ ಕೋತಿ ಅಂದ್ರೆ ನೀನೇ ಕಣೋ," ಎಂದಳು ಕೊನೆಗೆ. "ಈಗ ಹೇಳಿದ್ರೆ ಆ ನಾಯಿ ಉಳಿಯುತ್ತಾ?"

"ಇಲ್ಲ. ಮೇಷ್ಟ್ರನ್ನ ಕೇಳಿದೆ. ಯಾಕೆ ಕಚ್ಚಿತು ಅಂತ ಯಾರೂ ಬರ್ಕೊಳ್ಳಲ್ವಂತೆ. ಕಚ್ಚಿತು ಅಂತ ಮಾತ್ರ."

"ಮತ್ತೆ ಬಾಯಿಗೆ ಬೀಗ ಹಾಕ್ಕೊಂಡು ತೆಪ್ಪಗಿರು. ಅವಳೇ ನಿನ್ನ ಇರು ಅಂತಿದ್ದಾಳೆ. ಈ ವಯಸ್ಸಲ್ಲಿ ನಿಂಗೆ ಇನ್ಯಾರು ಹೇಳ್ತಾರೆ ಹಾಗೆ?" ಚೀಲವನ್ನು ಮಂಡಿಯ ಮೇಲೆ ಸರಿಸಿಕೊಂಡು, ಬೇರೆ ದನಿಯಲ್ಲಿ ಹೇಳಿದಳು. "ನಾನೂ ಎಷ್ಟು ದಿನ ಇರ್ತೀನಿ ನಿಂಗೆ?"

ಅವನು ನಾಲ್ಕು ದಿನ ತೆಪ್ಪಗಿದ್ದ. ಅವಳು ದಿನವೂ ಫೋನ್ ಮಾಡಿದಳು. ಮಸಿಗೆ ಜಾಗ ಹುಡುಕುತ್ತಿದ್ದಳು. ಕಚ್ಚುವ ನಾಯಿ ಎಂದ ತಕ್ಷಣ ಎಲ್ಲರೂ ಬೇಡ ಎನ್ನುತ್ತಿದ್ದರು. ಅಣ್ಣ ಮುನಿಸಿಪಾಲಿಟಿಯ ನಾಯಿ ಹಿಡಿಯುವ ಗಾಡಿಗೆ ಫೋನ್ ಮಾಡುತ್ತೇನೆ ಎಂದಿದ್ದನಂತೆ. "ನಿಮ್ಮ ಹತ್ರ ಮಾತಾಡಿದ್ರೆ ಉಸಿರು ಬರುತ್ತೆ. ನೀವೊಬ್ರೇ ನಂಗೆ ಸುಳ್ಳು ಹೇಳದೇ ಇರೋರು," ಎಂದಳು ನಾಲ್ಕನೆಯ ದಿನ. ಆ ಮಾತಿನ ಮೇಲೆ ಅವನಿಗೆ ಅನ್ನ ಇಳಿಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅವಳ ಅಂಗಡಿಗೆ ಹೋದ. ಹಿಂದಿನ ಕೋಣೆಯಲ್ಲಿ ಅವಳು ಒಂದು ಬಿಳಿ ಕೋಟನ್ನು ಮೇಜಿನ ಮೇಲೆ ಹರಡಿಕೊಂಡು, ಮೃದು ಬ್ರಷ್ಷಿನಿಂದ ಕಾಲರು ಉಜ್ಜುತ್ತಿದ್ದಳು. ಹಬೆಯ ಬಿಸಿಗೆ ಕೂದಲು ಹಣೆಗೆ ಅಂಟಿತ್ತು. ಅವನನ್ನು ನೋಡಿ ಮುಖದಲ್ಲಿ ಬೆಳಕು ಬಂತು.

ಅವನು ನಿಂತಲ್ಲೇ ಹೇಳಿದ. ಬಿದ್ದ ಮೊದಲ ಚೂರು, ಬಲಜೇಬು, ಪ್ರತಿ ಭಾನುವಾರ, ಖಾಲಿ ಜೇಬಿಗೆ ಹೋದ ಕೈ, ಒಂದನ್ನೂ ಬಿಡಲಿಲ್ಲ.

ಅವಳ ಬ್ರಷ್ಷು ನಿಧಾನವಾಯಿತು, ನಿಂತಿತು.

"ನಿಮ್ಮನ್ನ ಅಷ್ಟು ಇಷ್ಟಪಟ್ಟೆ ನಾನು. ನೀವು ಪಕ್ಕದಲ್ಲಿ ನಿಲ್ಲಲಿ ಅಂತ ಮಾಡಿದೆ," ಎಂದ ಅವನು.

"ಕೇಳಿದ್ರೆ ನಿಲ್ತಿರಲಿಲ್ವಾ ನಾನು?"

ಕೇಳಬಹುದು ಎಂಬುದೇ ಅವನಿಗೆ ತೋಚಿರಲಿಲ್ಲ.

"ಆರನೇ ವಾರ," ಎಂದಳು ಅವಳು. "ಮೆಟ್ಟಿಲ ಮೇಲೆ. ನಾನು ಎಲ್ಲ ಹೇಳಿದ್ನಲ್ಲ, ಮಂಚದ ಹಿಂದೆ ಕೂತಿದ್ದು. ಅವತ್ತೂ ನಿಮ್ಮ ಜೇಬಲ್ಲಿ ಇತ್ತಾ?"

"ಇತ್ತು."

ಅವಳು ಕೋಟನ್ನು ಮಡಿಸಿದಳು. ಮತ್ತೆ ಬಿಚ್ಚಿದಳು. ಮಡಿಕೆ ಬಿದ್ದ ಕಡೆ ಕೈಯಲ್ಲಿ ಸವರಿದಳು. "ಹೋಗಿ ಈಗ," ಎಂದಳು. ಗಟ್ಟಿಯಾಗಿ ಹೇಳಲಿಲ್ಲ.

ನೋಟಿಸಿನ ಕೊನೆಯ ದಿನ ಬೆಳಿಗ್ಗೆ ಅವಳ ಫೋನ್ ಬಂತು. "ಮಸೀನ ಯಾರೂ ತಗೊಳ್ತಿಲ್ಲ. ಹನ್ನೊಂದಕ್ಕೆ ಗಾಡಿ ಬರುತ್ತೆ. ನಿಮ್ಮ ಹತ್ರ ಇಟ್ಕೊಳ್ತೀರಾ?"

ಅವನು ಅಕ್ಕನ ಮುಖ ನೋಡಿದ. ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. "ಮಾಡಿದ್ದುಣ್ಣೋ ಮಹಾರಾಯ," ಎಂದು ಗೊಣಗಿ, ಹಿಂದಿನ ಕೋಣೆಯಲ್ಲಿದ್ದ ತನ್ನ ಹೊಲಿಗೆ ಮೆಷಿನ್ನನ್ನು ಕುಂಟುತ್ತ ಆಚೆ ಎಳೆಯತೊಡಗಿದಳು. ದೊರೆ ಒಂದು ಕಡೆ, ಮಸಿ ಒಂದು ಕಡೆ, ನಡುವೆ ಬಾಗಿಲು.

ಅವಳು ಅಪಾರ್ಟ್‌ಮೆಂಟಿನ ಗೇಟಿನ ಹೊರಗೆ, ಫುಟ್‌ಪಾತಿನ ಮೇಲೆ ನಿಂತಿದ್ದಳು. ಕೈಯಲ್ಲಿ ಮಸಿಯ ಹಾಸಿಗೆ, ಬಟ್ಟಲು, ಮಡಿಸಿದ ಒಂದು ಕಾಗದ. ಕಣ್ಣು ಊದಿಕೊಂಡಿತ್ತು.

"ಇದರಲ್ಲಿ ಎಲ್ಲ ಬರ್ದಿದೀನಿ. ಗುಡುಗಿದ್ರೆ ಹೆದರ್ತಾನೆ, ಆಗ ಮುಟ್ಟಬೇಡಿ, ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ. ಎಡಗಿವಿ ಮುಟ್ಟಿದ್ರೆ ಆಗಲ್ಲ. ನೀರು ಬಟ್ಟಲು ದಿನಾ ತೊಳೀಬೇಕು." ಪಾಠ ಒಪ್ಪಿಸುವವಳ ಹಾಗೆ ಹೇಳಿದಳು.

"ನೀವು ಯಾವಾಗ ಬೇಕಾದ್ರೂ ಬಂದು ನೋಡಬಹುದು," ಎಂದ ಅವನು. ಆಸೆ ಇನ್ನೂ ಸತ್ತಿರಲಿಲ್ಲ.

"ಬರಲ್ಲ. ಬಂದು ಬಂದು ಹೋದ್ರೆ ಅವನು ಎಲ್ಲೂ ನೆಲೆಯಾಗಲ್ಲ ಅಂತ ಮೇಷ್ಟ್ರು ಹೇಳಿದ್ರು." ಅವಳು ಅವತ್ತು ಮೊದಲ ಸಲ ಅವನನ್ನು ನೇರವಾಗಿ ನೋಡಿದಳು. "ಅವನ ಸಲುವಾಗಿ ಅಷ್ಟೇ ಅಲ್ಲ ಹೇಳ್ತಿರೋದು. ನೀವೂ ಬರಬೇಡಿ. ನೀವು ಒಳ್ಳೆಯವರೇ ಇರಬಹುದು, ನನ್ನ ಮೇಲೆ ಪ್ರೀತಿ ಇದ್ದದ್ದೂ ನಿಜ ಇರಬಹುದು. ಆದ್ರೆ ಇನ್ಮೇಲೆ ನೀವು ಏನು ಮಾಡಿದ್ರೂ ನಾನು ನಿಮ್ಮ ಕೈ ನೋಡ್ತೀನಿ, ಮುಖ ನೋಡಲ್ಲ. ಹಾಗೆ ಬದುಕಿ ಸಾಕಾಗಿದೆ ನಂಗೆ."

"ಒಂದೇ ಒಂದು ಸಲ..."

"ನಾನೂ ನಿಮ್ಮನ್ನ ತುಂಬ ಇಷ್ಟಪಟ್ಟಿದ್ದೆ," ಎಂದಳು ಅವಳು. "ಮಸಿ ಒಪ್ಪೋದಕ್ಕೆ ಮುಂಚೇನೇ. ಗೇಟಲ್ಲಿ ಕಾಲೆತ್ತಿಕೊಂಡು ನಿಂತಿದ್ರಲ್ಲ, ಅವತ್ತೇ. ನನ್ನ ಮೇಲೆ ನಂಗೇ ನಂಬಿಕೆ ಇರಲಿಲ್ಲ, ಅಷ್ಟೇ."

ಅಂದರೆ ಒಂದು ಚೂರೂ ಬೇಕಿರಲಿಲ್ಲ. ಐದು ವಾರ ಅವನು ಕೈ ಕಟ್ಟಿಕೊಂಡು ನಿಂತಿದ್ದರೆ ಇವತ್ತು ಮಸಿ ಅವಳದ್ದಾಗಿರುತ್ತಿತ್ತು, ಅವಳು ಅವನವಳಾಗಿರುತ್ತಿದ್ದಳು.

ಅವಳು ಬಗ್ಗಿ ಮಸಿಯ ತಲೆಗೆ ಕೆನ್ನೆ ಒತ್ತಿದಳು. ಎದ್ದು ಹಗ್ಗವನ್ನು ಅವನ ಕೈಗೆ ಸುತ್ತಿ, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದಳು. ಅವಳ ಕೈ ತಣ್ಣಗಿತ್ತು.

"ನೀವೇ ಮೊದಲು ಹೋಗಬೇಕು. ನಾನು ಹೊರಟ್ರೆ ನನ್ನ ಹಿಂದೆ ಬರ್ತಾನೆ. ಆ ತಿರುವಿನ ತನಕ ತಿರುಗಿ ನೋಡಬೇಡಿ. ನೀವು ನೋಡಿದ್ರೆ ಅವನೂ ನೋಡ್ತಾನೆ. ಆಮೇಲೆ ಅವನನ್ನ ಎಳೀಬೇಕಾಗುತ್ತೆ. ಎಳೀಬೇಡಿ ಅವನನ್ನ."

"ಸರಿ," ಎಂದ.

"ಹೋಗಿ."

ಅವನು ಹೊರಟ. ಮಸಿ ನಾಲ್ಕು ಹೆಜ್ಜೆ ಅವನ ಜೊತೆ ಚೆನ್ನಾಗಿಯೇ ನಡೆಯಿತು. ಆಮೇಲೆ ಹಗ್ಗ ಸ್ವಲ್ಪ ಬಿಗಿಯಾಯಿತು. ಅದು ನಿಂತು ಅವನ ಮುಖ ನೋಡಿತು, ಹಿಂದೆ ತಿರುಗಲೋ ಬೇಡವೋ ಎಂದು ಅವನನ್ನೇ ಕೇಳುವ ಹಾಗೆ. ಅವನು ಕಣ್ಣನ್ನು ರಸ್ತೆಯ ಕೊನೆಗೆ ನೆಟ್ಟು ನಿಂತ. ಹಿಂದೆ ಅವಳು ಉಸಿರಾಟ ಕೇಳುವಷ್ಟು ಹತ್ತಿರದಲ್ಲೇ ಇದ್ದಳು. ಅವಳನ್ನು ಇನ್ನೊಂದು ಸಲ ನೋಡುವುದಕ್ಕೆ ತನ್ನ ಉಳಿದ ಆಯಸ್ಸನ್ನೆಲ್ಲ ಕೊಟ್ಟುಬಿಡುತ್ತಿದ್ದ. ಅವನು ತಿರುಗಲಿಲ್ಲ. "ನಡಿ ಮಸಿ," ಎಂದ. ಸ್ವಲ್ಪ ಹೊತ್ತಿಗೆ ಹಗ್ಗ ಸಡಿಲವಾಯಿತು.

ತಿರುವಿಗೆ ನೂರು ಹೆಜ್ಜೆ ಇದ್ದಿರಬೇಕು. ಅವನು ನಡೆಯುತ್ತ ಅತ್ತ, ಹಗ್ಗದ ಕೈ ಅಲುಗದ ಹಾಗೆ ಅತ್ತ. ತಿರುವು ದಾಟಿದ ಮೇಲೂ ತಿರುಗಿ ನೋಡಲಿಲ್ಲ. ಅವಳು ಅಲ್ಲಿ ಎಷ್ಟು ಹೊತ್ತು ನಿಂತಿದ್ದಳು ಎಂಬುದು ಅವನಿಗೆ ಕೊನೆಗೂ ಗೊತ್ತಾಗಲಿಲ್ಲ.